ಉತ್ಕರ್ಷಣ ನಿರೋಧಕಗಳು ಮತ್ತು ಹೃದಯ ರಕ್ಷಣೆ: ಒಂದು ವಿಮರ್ಶೆ

ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾಗುವ ರೋಗಿಗಳಿಗೆ ಉತ್ಕರ್ಷಣ ನಿರೋಧಕಗಳನ್ನು, ಎಂದರೆ ಆಂಟಿಆಕ್ಸಿಡೆಂಟುಗಳನ್ನು, ಪೂರಕವಾಗಿ ಕೊಟ್ಟರೆ ಹೃದಯಕ್ಕೆ ರಕ್ಷಣೆ ದೊರೆಯುವುದೆಂಬ ವಾದವು ಕೆಲವು ದಶಕಗಳಿಂದ ಪ್ರಚಾರದಲ್ಲಿದೆ. ಈ ವಾದದಲ್ಲಿ ‘ರಕ್ಷಣೆ’ ಎಂಬ ಪದವು ಒಂದೇ ಅರ್ಥದಲ್ಲಿ ನಿಂತಿಲ್ಲವೆಂಬುದೇ ನಮ್ಮ ಮುಖ್ಯ ಆಕ್ಷೇಪ. ಪ್ರಯೋಗಶಾಲೆಯಲ್ಲಿ ಅದಕ್ಕೆ ರಕ್ತದಲ್ಲಿಯ ಕೆಲವು ರಾಸಾಯನಿಕ ಸೂಚಕಗಳು ಇಳಿದುವೆಂದು ಅರ್ಥ. ರೋಗಿಯ ಪಾಲಿಗೆ, ಬದುಕಿ ಮನೆಗೆ ಮರಳಿದನೆಂದು ಅರ್ಥ. ಮೊದಲನೆಯದು ಸಿದ್ಧವಾದ ಮಾತ್ರಕ್ಕೆ ಎರಡನೆಯದು ಸಿದ್ಧವಾಗದು.

ವಾದದ ಮೂಲವು ದುರ್ಬಲವಾದುದಲ್ಲವೆಂಬುದನ್ನು ಒಪ್ಪಬೇಕು. ಮಹಾಧಮನಿಯನ್ನು ಇಕ್ಕಳದಿಂದ ಬಿಗಿದು ಹೃದಯವನ್ನು ನಿಲ್ಲಿಸಿದಾಗ ಹೃದಯದ ಸ್ನಾಯುವಿಗೆ ರಕ್ತ ತಪ್ಪುತ್ತದೆ. ಇಕ್ಕಳವನ್ನು ಸಡಿಲಿಸಿ ರಕ್ತವು ಮತ್ತೆ ಹರಿದಾಗ, ಅದರೊಡನೆ ಬಂದ ಆಮ್ಲಜನಕದಿಂದಲೇ ಸೂಪರಾಕ್ಸೈಡ್ ಮೊದಲಾದ ಉಗ್ರ ಕಣಗಳು ಹುಟ್ಟಿ ಜೀವಕೋಶಗಳ ಪೊರೆಯನ್ನು ಕೆಡಿಸುತ್ತವೆ. 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೊವಿಚ್ ಅವರು ಸೂಪರಾಕ್ಸೈಡನ್ನು ನಿವಾರಿಸುವ ಕಿಣ್ವದ ಕಾರ್ಯವನ್ನು ತೋರಿಸಿದ ಮೇಲೆ ಈ ವಿಚಾರಕ್ಕೆ ಗಟ್ಟಿಯಾದ ತಳಹದಿ ದೊರೆಯಿತು. ಆದರೆ ಕೇಡಿನ ಕಾರಣವನ್ನು ಅರಿಯುವುದು ಬೇರೆ, ಅದಕ್ಕೆ ಮದ್ದನ್ನು ಕಾಣುವುದು ಬೇರೆ.

ವಿಟಮಿನ್ ಸಿ ಯನ್ನೇ ಮೊದಲು ಪರಿಶೀಲಿಸೋಣ. ಶಸ್ತ್ರಚಿಕಿತ್ಸೆಯ ಬಳಿಕ ತಲೆದೋರುವ ಹೃತ್ಕರ್ಣದ ಅನಿಯತ ಕಂಪನವನ್ನು ಇದು ತಡೆಯುವುದೆಂದು ಹೇಳಲಾಗಿದೆ. 2017ರಲ್ಲಿ ಹೆಮಿಲಾ ಮತ್ತು ಸುವೊನ್ಸ್ಯೂರ್ಯಾ ಅವರು ಅದುವರೆಗಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅಮೆರಿಕದಲ್ಲಿ ನಡೆದ 5 ಪ್ರಯೋಗಗಳಲ್ಲಿ ಯಾವ ಪ್ರಯೋಜನವೂ ಕಾಣಲಿಲ್ಲ. ಇತರ ದೇಶಗಳ ಪ್ರಯೋಗಗಳಲ್ಲಿ ಕಂಪನವು ಶೇಕಡ 44ರಷ್ಟು ಕಡಿಮೆಯಾಗಿತ್ತು. ಒಂದೇ ಮದ್ದು ದೇಶಕ್ಕೊಂದು ಫಲವನ್ನು ಕೊಟ್ಟಿತೆಂದರೆ, ಸರಾಸರಿಯನ್ನು ಹೇಳಿ ಸುಮ್ಮನಾಗುವುದು ಉಚಿತವಲ್ಲ. ರೋಗಿಗಳ ಆಹಾರಸ್ಥಿತಿಯಲ್ಲಿ ಭೇದವಿದ್ದಿತೇ, ಪ್ರಯೋಗಗಳ ಕ್ರಮದಲ್ಲಿಯೇ ಭೇದವಿದ್ದಿತೇ ಎಂಬ ಪ್ರಶ್ನೆಗೆ ಉತ್ತರ ದೊರೆಯುವವರೆಗೆ ತೀರ್ಪು ಅಪೂರ್ಣವೇ ಸರಿ.

ಸೆಲೆನಿಯಂ ಧಾತುವಿನ ಕಥೆ ಇನ್ನೂ ಬೋಧಪ್ರದವಾದುದು. ಶಸ್ತ್ರಚಿಕಿತ್ಸೆಯ ಕಾಲದಲ್ಲಿ ರಕ್ತದ ಸೆಲೆನಿಯಂ ಇಳಿಯುವುದೂ, ಹೆಚ್ಚಾಗಿ ಇಳಿದವರಲ್ಲಿ ಅಂಗಗಳ ವೈಫಲ್ಯ ಹೆಚ್ಚಾಗಿರುವುದೂ ಕಂಡುಬಂದಿದ್ದಿತು. ಕೊರತೆಯನ್ನು ತುಂಬಿದರೆ ಕೇಡು ತಪ್ಪೀತೆಂದು ಊಹಿಸಲಾಯಿತು. ಕೆನಡ ಮತ್ತು ಜರ್ಮನಿಗಳಲ್ಲಿ ಸುಮಾರು 1,400 ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದೊಡ್ಡ ಪ್ರಮಾಣದ ಸೆಲೆನಿಯಂ ಹುಸಿಮದ್ದಿಗಿಂತ ಮೇಲೆನಿಸಲಿಲ್ಲ. ಕೊರತೆಯು ಕೇಡಿಗೆ ಕಾರಣವೆಂದು ಬಗೆದುದು, ಬಹುಶಃ ಕೇಡಿನ ಕುರುಹು ಮಾತ್ರವಾಗಿದ್ದಿತು. ಹೊಗೆಯನ್ನು ಬೀಸಿ ಚದುರಿಸಿದರೆ ಬೆಂಕಿ ಆರುವುದಿಲ್ಲ.

ಇದಕ್ಕೆ ಜೀವಶಾಸ್ತ್ರದಲ್ಲಿಯೂ ಒಂದು ಆಧಾರವುಂಟು. ಉಗ್ರ ಕಣಗಳು ಕೇವಲ ಶತ್ರುಗಳಲ್ಲ. ಅಲ್ಪ ಪ್ರಮಾಣದಲ್ಲಿ ಅವು ಹೃದಯಕ್ಕೆ ತನ್ನನ್ನು ತಾನು ಕಾಪಾಡಿಕೊಳ್ಳಲು ಸೂಚನೆ ನೀಡುತ್ತವೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ, ಉತ್ಕರ್ಷಣ ನಿರೋಧಕಗಳನ್ನು ಕೊಟ್ಟಾಗ ಈ ಸ್ವರಕ್ಷಣೆಯೇ ಕುಂದಿದುದುಂಟು. ಶಸ್ತ್ರಚಿಕಿತ್ಸೆಯ ಸಂದರ್ಭಕ್ಕೆ ಹೊರತಾದರೂ, 20,536 ಮಂದಿಯನ್ನು ಒಳಗೊಂಡು 2002ರಲ್ಲಿ ಪ್ರಕಟವಾದ ಬ್ರಿಟನ್ನಿನ ಹಾರ್ಟ್ ಪ್ರೊಟೆಕ್ಷನ್ ಸ್ಟಡಿ ಎಂಬ ಪ್ರಯೋಗವೂ ಇಲ್ಲಿ ಸ್ಮರಣೀಯ. ವಿಟಮಿನ್ ಇ, ಸಿ ಮತ್ತು ಬೀಟಾ ಕೆರೊಟೀನನ್ನು ಐದು ವರ್ಷ ಕೊಟ್ಟಾಗ ರಕ್ತದಲ್ಲಿ ಅವುಗಳ ಪ್ರಮಾಣ ಏರಿತು, ಹೃದಯಾಘಾತ ಇಳಿಯಲಿಲ್ಲ.

ಇಷ್ಟರಿಂದ ಈ ಸಂಶೋಧನೆಯನ್ನೇ ಕೈಬಿಡಬೇಕೆಂದು ನಾವು ಹೇಳುವುದಿಲ್ಲ. ಆದರೆ ಪೂರಕವೆಂಬ ಹೆಸರಿರುವುದರಿಂದ ಅದು ನಿರಪಾಯಕರವೆಂದು ಎಣಿಸಬಾರದು. ಹೆಚ್ಚಿನ ಪ್ರಮಾಣದ ವಿಟಮಿನ್ ಇ ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡಿಯಾಗಬಲ್ಲದು. ಎದೆಯನ್ನು ತೆರೆಯಿಸಿಕೊಳ್ಳಲಿರುವವನಿಗೆ ಇದು ಸಣ್ಣ ಮಾತಲ್ಲ. ಅಂಥವನು ತಾನು ನುಂಗುವ ಪ್ರತಿಯೊಂದು ಗುಳಿಗೆಯನ್ನೂ ವೈದ್ಯರಿಗೆ ತಿಳಿಸತಕ್ಕದ್ದು. ಸಂಶೋಧಕನಾದರೋ ಸೂಚಕಗಳನ್ನಲ್ಲದೆ, ಬದುಕಿ ಉಳಿದವರನ್ನು ಎಣಿಸತಕ್ಕದ್ದು.