ಪೀಣ್ಯದ ಜಿಸೆಲ್

ನಮ್ಮ ಮಹಡಿಯ ಮನೆಯಲ್ಲಿ ಬಾಡಿಗೆಗಿರುವ ಹುಡುಗಿ ಮೂರು ತಿಂಗಳಿಂದ ಹುಚ್ಚಿಯಾಗುವುದನ್ನು ಕಲಿಯುತ್ತಿದ್ದಾಳೆ. ಗಾಬರಿಯಾಗಬೇಡಿ! ಭಾನುವಾರಗಳಂದು ಪೀಣ್ಯದಿಂದ ಬಸ್ಸು ಹಿಡಿದು ಊರೊಳಗಿನ ನೃತ್ಯತರಗತಿಗೆ ಹೋಗುತ್ತಾಳೆ. ಅಲ್ಲಿ ಅವಳ ಗುರುಗಳು ಜಿಸೆಲ್ ಎಂಬ ಪಾತ್ರದ ಮೇಲೆ ಐದು ನಿಮಿಷದ ನೃತ್ಯ ಕಟ್ಟಿಕೊಟ್ಟಿದ್ದಾರೆ. ಶಾಲಾ ವಾರ್ಷಿಕೋತ್ಸವದ ನೃತ್ಯರೂಪಕವನ್ನೂ ನಾವು 'ಬ್ಯಾಲೆ' ಎನ್ನುತ್ತೇವಲ್ಲ, ಇದು ಅದಲ್ಲ. ಪಶ್ಚಿಮದವರ ತುದಿಗಾಲಿನ ಬ್ಯಾಲೆಯಿಂದ ಬಂದದ್ದು.

ಕಥೆ ಹಳೆಯದು. 1841ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪ್ರದರ್ಶನ. ಹಳ್ಳಿಯವನಂತೆ ವೇಷ ಹಾಕಿ ಬಂದ ಸಿರಿವಂತನನ್ನು ನಂಬಿದ ಬಡ ಹುಡುಗಿ, ಅವನಿಗೆ ಬೇರೊಬ್ಬಳೊಡನೆ ಮದುವೆ ಗೊತ್ತಾಗಿದೆಯೆಂದು ತಿಳಿದಾಗ ಬುದ್ಧಿ ಕಲಕಿ ಸಾಯುತ್ತಾಳೆ. ಆಮೇಲೆ ಅವಳಂತೆಯೇ ಮೋಸಹೋದ ಹುಡುಗಿಯರ ಪ್ರೇತಗಳ ಗುಂಪು ಸೇರುತ್ತಾಳೆ. ಕೈಗೆ ಸಿಕ್ಕಿದ ಗಂಡಸನ್ನು ಕುಣಿಸಿ ಕುಣಿಸಿ ಕೊಲ್ಲುವ ಪ್ರೇತಗಳು ಅವು. ಜಿಸೆಲ್ ಮಾತ್ರ ತನ್ನವನನ್ನು ಉಳಿಸಿಕೊಳ್ಳುತ್ತಾಳೆ.

2016ರಲ್ಲಿ ಇಂಗ್ಲಿಷ್ ನ್ಯಾಷನಲ್ ಬ್ಯಾಲೆಗಾಗಿ ಅಕ್ರಂ ಖಾನ್ ಇದನ್ನು ಹೊಸದಾಗಿ ಕಟ್ಟಿದರು. ಅವರು ಲಂಡನ್ನಿನಲ್ಲೇ ಹುಟ್ಟಿ ಕಥಕ್ ಕಲಿತವರು. ತಂದೆತಾಯಿ ಬಾಂಗ್ಲಾದೇಶದ ಮೂಲದವರು. ಅವರ ಜಿಸೆಲ್ ಹಳ್ಳಿಯವಳಲ್ಲ, ಮುಚ್ಚಿಹೋದ ಬಟ್ಟೆ ಕಾರ್ಖಾನೆಯ ವಲಸೆ ಕೆಲಸಗಾರ್ತಿ. ರಂಗದ ಮೇಲೆ ದೊಡ್ಡದೊಂದು ಗೋಡೆ. ಈಚೆಗೆ ಕೆಲಸ ಕಳೆದುಕೊಂಡವರು, ಆಚೆಗೆ ಒಡೆಯರು. ಮ್ಯಾಂಚೆಸ್ಟರಿನ ಮೊದಲ ಪ್ರದರ್ಶನದಲ್ಲಿ ತಮಾರಾ ರೋಹೊ ಜಿಸೆಲ್ ಆಗಿದ್ದರು.

ಇದರ ಚಿತ್ರೀಕರಣವನ್ನು ನಮ್ಮ ಟಿ.ವಿ.ಯಲ್ಲಿ ನೋಡಿದವರು ನಾನು, ಹುಡುಗಿ, ಮತ್ತು ಹದಿನೆಂಟು ವರ್ಷದಿಂದ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿರುವ ಅವಳ ತಾಯಿ.

ಮೊದಲ ಅಂಕ ನನ್ನನ್ನು ಹಿಡಿದು ಕೂರಿಸಿತು. ಕಥಕ್ಕಿನ ಸುತ್ತು, ನೆಲಕ್ಕೆ ಬಾಗಿದ ಬೆನ್ನು, ಬ್ಯಾಲೆಗೆ ಹೊಸದೆನಿಸುವ ಭಾರ. ಅಂಥ ಭಾರವೇ ನಮ್ಮ ಹುಡುಗಿಗೆ ಕಷ್ಟ. ಏಳು ವರ್ಷ ಭರತನಾಟ್ಯ ಕಲಿತವಳು. ದುಃಖವೆಂದರೆ ಕಣ್ಣು ಮೊದಲು ಓಡುತ್ತದೆ, ಹುಬ್ಬು ಎದ್ದುಬಿಡುತ್ತದೆ. "ಮುಖ ಬಿಟ್ಟುಬಿಡು, ಬೆನ್ನು ಅಳಲಿ" ಎನ್ನುತ್ತಾರಂತೆ ಗುರುಗಳು. ಹೇಳುವುದು ಸುಲಭ! ಅವಳು ಮೊಣಕೈ ತರಚಿಕೊಂಡು ಬರುತ್ತಾಳೆ, ಅರಿಶಿನ ಹಚ್ಚಿಕೊಂಡು ಮತ್ತೆ ಬೀಳುತ್ತಾಳೆ.

ನನ್ನ ತಕರಾರಿರುವುದು ಎರಡನೆಯ ಅಂಕದ ಬಗ್ಗೆ. ಸತ್ತ ಕೆಲಸಗಾರ್ತಿಯರು ಪಾಳುಬಿದ್ದ ಕಾರ್ಖಾನೆಯಲ್ಲಿ ಕೂದಲು ಬಿಚ್ಚಿಕೊಂಡು, ಕೋಲು ಹಿಡಿದು, ತುದಿಗಾಲಲ್ಲಿ ಎದ್ದು ಬರುತ್ತಾರೆ. ಭಯವಾಗುವಷ್ಟು ಚೆಲುವಾದ ದೃಶ್ಯ, ಸುಳ್ಳೇಕೆ ಹೇಳಲಿ. ತಾಯಿ ಮಾತ್ರ ಮೆಲ್ಲಗೆ, "ಅಕ್ಕಾ, ಇವ್ರಿಗೆ ಸಿಟ್ಟು ಬರಕ್ಕೆ ಸಾಯ್ಲೇಬೇಕಾಯ್ತಾ?" ಎಂದರು.

ನನಗೆ ಥಟ್ಟನೆ ನೆನಪಾದದ್ದು ಅದೇ 2016ರ ಏಪ್ರಿಲ್. ಪಿ.ಎಫ್.ನಲ್ಲಿ ಮಾಲೀಕರ ಪಾಲಿನ ಹಣ 58 ವರ್ಷವಾಗುವವರೆಗೆ ಕೈಗೆ ಸಿಗದೆಂಬ ನಿಯಮ ಬಂದಾಗ ಗಾರ್ಮೆಂಟ್ಸ್ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗಿಳಿದರು. 18ರಂದು ಬೊಮ್ಮನಹಳ್ಳಿಯ ಹೊಸೂರು ರಸ್ತೆ, ಮರುದಿನ ನಮ್ಮ ಪೀಣ್ಯದ ಕಡೆಯೂ. ಬಸ್ಸುಗಳು ಸುಟ್ಟವು, ಲಾಠಿ ಬೀಸಿತು. 19ರ ಸಂಜೆಗೆ ಕೇಂದ್ರ ಸರಕಾರ ಆದೇಶ ಹಿಂತೆಗೆದುಕೊಂಡಿತು. ಆ ಗುಂಪಿನಲ್ಲಿ ಈ ತಾಯಿಯೂ ಇದ್ದರು, ಊಟದ ಡಬ್ಬಿ ಹಿಡಿದುಕೊಂಡೇ. ಅವರು ಪ್ರೇತವಾಗಿರಲಿಲ್ಲ, ಮಾರನೆಯ ತಿಂಗಳ ಬಾಡಿಗೆಯನ್ನೂ ಕೊಟ್ಟರು.

ಹೆಣ್ಣಿನ ಸಿಟ್ಟನ್ನು ಪ್ರೇತದ ಕೈಗೆ ಕೊಟ್ಟ ಹಳೆಯ ಕಥೆಯನ್ನು ಖಾನ್ ಒಡೆಯಲಿಲ್ಲ. ಕಾರ್ಖಾನೆಯನ್ನು ಅವರು ಕಂಡಿದ್ದಾರೆ, ಪಾಳಿ ಮುಗಿಸಿ ಮನೆಗೆ ಬಂದು ಅಕ್ಕಿ ತೊಳೆಯುವವಳನ್ನು ಕಾಣಲಿಲ್ಲವೇನೋ. ಅದನ್ನು ಬೇಡುವುದು ಬ್ಯಾಲೆಗೆ ಅನ್ಯಾಯವೇ? ಇರಬಹುದು. ಆದರೂ ಬೇಡುತ್ತೇನೆ.

ಹುಚ್ಚಿಯ ಪಾತ್ರವೆಂದು ಮೊದಲು ಮುಖ ಸಿಂಡರಿಸಿದ್ದೂ ಈ ತಾಯಿಯೇ. "ನಾಳೆ ಗಂಡಿನ ಕಡೆಯೋರು ನೋಡಿದ್ರೆ?" ಎಂದಿದ್ದರು. ಕಳೆದ ವಾರ ತಾರಸಿಯಲ್ಲಿ ಮಗಳು ಅಭ್ಯಾಸ ಮಾಡುತ್ತಿದ್ದಳು. ನೃತ್ಯದ ಆರಂಭದಲ್ಲಿ ಜಿಸೆಲ್ ಕೂತು ಹೊಲಿಯುವ ಒಂದು ಭಂಗಿಯಿದೆ. ಒಣಗಿದ ಬಟ್ಟೆ ತೆಗೆಯಲು ಬಂದ ತಾಯಿ ನಿಂತು ನೋಡಿದರು.

"ಏನೇ ಅದು, ಕಾಲು ಸತ್ತೋದಂಗೆ? ಪೆಡಲ್ ಮೇಲೆ ಇರ್ಬೇಕು. ಮೊಣಕಾಲಲ್ಲಿ ಫೂಟ್ ಎತ್ತಬೇಕು. ಸೂಪರ್‌ವೈಸರ್ ಹಿಂದೆ ನಿಂತಿರ್ತಾನೆ, ಕುತ್ತಿಗೆಗೆ ಗೊತ್ತಾಗುತ್ತೆ."

ಬಟ್ಟೆಯ ರಾಶಿ ಕೆಳಗಿಟ್ಟು, ಒಂದು ಬಕೆಟ್ ಬೋರಲು ಹಾಕಿ ಕೂತು ತೋರಿಸಿದರು. ಮಗಳು ಎದುರಿಗೆ ಕೂತು ಮಾಡಿದಳು. ಮುಖದಲ್ಲಿ ಏನೂ ಇರಲಿಲ್ಲ. "ಇನ್ನೂ ಬೇಗ," ಎಂದರು ತಾಯಿ, "ಟಾರ್ಗೆಟ್ ಆಗಿಲ್ಲ."