ಪಾಸ್‌ವರ್ಡ್ ದಾಟಿತು, ಅಧಿಕಾರ ಹಿಂದೆ ಉಳಿಯಿತು

ಎಸ್‌ಕ್ಯೂಎಲ್ ಸರ್ವರ್ ಬದಲಿಸುವ ಮಾತು ಬಂತೆಂದರೆ ಡಿಬಿಎಗಳ ಬಾಯಿಗೆ ಮೊದಲು ಬರುವ ಹೆಸರು ಎಸ್‌ಪಿ_ಹೆಲ್ಪ್_ರೆವ್‌ಲಾಗಿನ್. ಕೆಲಸದ ಸಂದರ್ಶನದಲ್ಲಿ ಲಾಗಿನ್‌ಗಳನ್ನು ಹೇಗೆ ಸಾಗಿಸುತ್ತೀರಿ ಎಂದು ಕೇಳಿದಾಗ ಈ ಹೆಸರು ಹೇಳಿದರೆ ಸಾಕು, ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಮೈಕ್ರೋಸಾಫ್ಟ್ ಇದನ್ನು ಸರ್ವರ್ ಜೊತೆ ಕೊಡುವುದಿಲ್ಲ. ತನ್ನ ಸಹಾಯ ಲೇಖನವೊಂದರಲ್ಲಿ ಪ್ರಕಟಿಸಿದೆ, ಅಷ್ಟೆ. ನಾವೇ ನಕಲು ಮಾಡಿ, ಮಾಸ್ಟರ್ ಡೇಟಾಬೇಸಿನಲ್ಲಿ ಕೂರಿಸಿ ಓಡಿಸಬೇಕು. ಇಪ್ಪತ್ತು ವರ್ಷಕ್ಕೂ ಮೀರಿ ಹೀಗೆ ಕೈಯಿಂದ ಕೈಗೆ ದಾಟುತ್ತ ಬಂದಿರುವ ಸ್ಕ್ರಿಪ್ಟ್ ಇದು. ಅದಕ್ಕೆ ಸಿಕ್ಕ ಕೀರ್ತಿಯಲ್ಲಿ ಒಂದು ಪಾಲು ನ್ಯಾಯವಾದದ್ದು. ಉಳಿದದ್ದು ಅದು ಮಾಡದೇ ಇರುವ ಕೆಲಸಕ್ಕೆ ಸಂದಿರುವ ಹೊಗಳಿಕೆ.

ನ್ಯಾಯವಾದ ಪಾಲನ್ನು ಮೊದಲು ನೋಡೋಣ. ಈ ಪ್ರೊಸೀಜರ್ ತಾನಾಗಿ ಏನನ್ನೂ ಸಾಗಿಸುವುದಿಲ್ಲ. ಹಳೆಯ ಸರ್ವರ್‌ನ ಪ್ರತಿ ಲಾಗಿನ್‌ಗೂ ಒಂದೊಂದು ಆಜ್ಞೆಯನ್ನು ಬರೆದುಕೊಡುತ್ತದೆ. ಅದನ್ನು ನಾವು ಹೊಸ ಸರ್ವರ್‌ನಲ್ಲಿ ಓಡಿಸುತ್ತೇವೆ. ಅದರ ಜೀವವೆಲ್ಲ ಆ ಒಂದು ಸಾಲಿನಲ್ಲಿದೆ. ಕ್ರಿಯೇಟ್ ಲಾಗಿನ್, ಹೆಸರು, ಪಾಸ್‌ವರ್ಡ್ ಇರಬೇಕಾದ ಜಾಗದಲ್ಲಿ ಉದ್ದನೆಯ ಹೆಕ್ಸಾಡೆಸಿಮಲ್ ಸಂಖ್ಯೆ, ಅದರ ಬೆನ್ನಿಗೆ ಹ್ಯಾಶ್ಡ್ ಎಂಬ ಪದ, ಆಮೇಲೆ ಸಿಡ್ (ಲಾಗಿನ್‌ನ ಭದ್ರತಾ ಗುರುತು) ಮತ್ತು ಇನ್ನೊಂದು ಹೆಕ್ಸಾಡೆಸಿಮಲ್ ಸಂಖ್ಯೆ. ಹ್ಯಾಶ್ಡ್ ಎಂದರೆ, ಕೊಟ್ಟಿರುವುದು ಈಗಾಗಲೇ ಹ್ಯಾಶ್ ಆದದ್ದು, ಮತ್ತೆ ಹ್ಯಾಶ್ ಮಾಡದೆ ಹಾಗೇ ಇಟ್ಟುಕೋ ಎಂದು ಸರ್ವರ್‌ಗೆ ಹೇಳಿದಂತೆ. ಪಾಸ್‌ವರ್ಡ್ ಏನೆಂದು ಡಿಬಿಎಗೂ ಗೊತ್ತಿಲ್ಲ, ಆದರೂ ಅದು ದಾಟಿತು. ಜನ ಮೆಚ್ಚಿದ್ದು ಇದನ್ನೇ.

ನನ್ನ ಪ್ರಕಾರ ದೊಡ್ಡ ಕೆಲಸ ಮಾಡುವುದು ಆ ಎರಡನೆಯ ಸಂಖ್ಯೆ. ಡೇಟಾಬೇಸಿನೊಳಗಿನ ಯೂಸರ್‌ಗೂ ಸರ್ವರ್ ಮಟ್ಟದ ಲಾಗಿನ್‌ಗೂ ನಂಟು ಹೆಸರಿನಿಂದ ಬಂದದ್ದಲ್ಲ, ಸಿಡ್‌ನಿಂದ ಬಂದದ್ದು. ಡೊಮೇನಿನ ವಿಂಡೋಸ್ ಲಾಗಿನ್ ಆದರೆ ಈ ಸಿಡ್ ಡೊಮೇನಿನಿಂದಲೇ ಬರುತ್ತದೆ, ಯಾವ ಸರ್ವರ್‌ಗೆ ಹೋದರೂ ಬದಲಾಗದು. ಎಸ್‌ಕ್ಯೂಎಲ್ ಲಾಗಿನ್‌ಗೆ ಹಾಗಿಲ್ಲ. ಹೇಳದೇ ಬಿಟ್ಟರೆ ಸರ್ವರ್ ತಾನೇ ಹೊಸದಾಗಿ 16 ಬೈಟ್‌ಗಳ ಒಂದು ಸಿಡ್ ಹುಟ್ಟಿಸುತ್ತದೆ. ಬ್ಯಾಕಪ್ ರಿಸ್ಟೋರ್ ಮಾಡಿ, ಅದೇ ಹೆಸರಿನ, ಅದೇ ಪಾಸ್‌ವರ್ಡ್‌ನ ಲಾಗಿನ್ ಮಾಡಿದರೂ ಡೇಟಾಬೇಸ್ ತೆರೆಯುವುದಿಲ್ಲ, 4060 ಎಂಬ ದೋಷ ಬರುತ್ತದೆ. ಆ ಯೂಸರ್ ಅನಾಥನಾಗಿದ್ದಾನೆ. ಹೊಸಬರು ಡೇಟಾಬೇಸಿನಲ್ಲಿ ಯೂಸರ್ ಸೃಷ್ಟಿಸಲು ಹೋಗುತ್ತಾರೆ. ಆ ಹೆಸರು ಈಗಾಗಲೇ ಇದೆ ಎಂದು 15023 ಬರುತ್ತದೆ. ಆಗ ಹಳೆಯ ಯೂಸರ್‌ನನ್ನು ಅಳಿಸಿ ಮತ್ತೆ ಮಾಡುತ್ತಾರೆ. ಅಳಿಸಿದ ಕ್ಷಣದಲ್ಲಿ ಆ ಯೂಸರ್‌ಗೆ ಟೇಬಲ್‌ಗಳ ಮೇಲೆ ಒಂದೊಂದಾಗಿ ಕೊಟ್ಟಿದ್ದ ಅನುಮತಿಗಳೆಲ್ಲ ಹೋದವು. ಈ ಸರಣಿ ಶುರುವಾಗದಂತೆ ತಡೆಯುವುದು ಸಾಲಿನ ಕೊನೆಯ ಆ ಸಿಡ್. ಮ್ಯಾನೇಜ್‌ಮೆಂಟ್ ಸ್ಟುಡಿಯೋದ ಮೆನುವಿನಿಂದ ಲಾಗಿನ್‌ಅನ್ನು ಸ್ಕ್ರಿಪ್ಟ್ ಮಾಡಿಸಿದರೆ ಯಾವುದೋ ಪಾಸ್‌ವರ್ಡ್ ಹಾಕಿ, ಲಾಗಿನ್‌ಅನ್ನು ನಿಷ್ಕ್ರಿಯಗೊಳಿಸಿ ಕೊಡುತ್ತದೆ. ಅದರ ಪಕ್ಕದಲ್ಲಿಟ್ಟು ನೋಡಿದರೆ ಈ ಸಾಲಿನ ಬೆಲೆ ತಿಳಿಯುತ್ತದೆ.

ಆದರೆ ಇದೇ ಸಿಡ್ ಸ್ಕ್ರಿಪ್ಟಿನ ಮಿತಿಯನ್ನೂ ತೋರಿಸುತ್ತದೆ. ಇರುವ ಲಾಗಿನ್‌ನ ಪಾಸ್‌ವರ್ಡ್ ಹ್ಯಾಶ್‌ಅನ್ನು ಆಲ್ಟರ್ ಲಾಗಿನ್‌ನಿಂದ ಬದಲಿಸಬಹುದು; ಸಿಡ್‌ಅನ್ನು ಬದಲಿಸಲಾಗದು, ಲಾಗಿನ್‌ಅನ್ನೇ ಅಳಿಸಿ ಮತ್ತೆ ಮಾಡಬೇಕು. ಬಹುಕಾಲ ಓಡಾಡಿದ ಆವೃತ್ತಿ ಬರೆದುಕೊಡುವುದು ಬರೀ ಕ್ರಿಯೇಟ್. ಎದುರಿನ ಸರ್ವರ್‌ನಲ್ಲಿ ಆ ಹೆಸರು ಆಗಲೇ ಇದ್ದರೆ ಆಜ್ಞೆ ಅಲ್ಲೇ ಬೀಳುತ್ತದೆ. ಹಾಗಾಗಿ ಖಾಲಿ ಸರ್ವರ್‌ಗೆ ಒಮ್ಮೆ ಹೋಗಲು ಇದು ಸರಿ. ಸಾಮಾನ್ಯ ಆಲ್ವೇಸ್ ಆನ್ ಜೋಡಿಯಲ್ಲಿ ಮುಖ್ಯ ಸರ್ವರ್‌ನ ಪಾಸ್‌ವರ್ಡ್ ಬದಲಾದರೆ ಎರಡನೆಯದಕ್ಕೆ ತಾನಾಗಿ ತಲುಪದು; ಅಲ್ಲಿ ಇದೇ ಸ್ಕ್ರಿಪ್ಟ್‌ಅನ್ನು ಎರಡನೆಯ ಸಲ ಓಡಿಸಿ ಫಲವಿಲ್ಲ.

ಇಷ್ಟೆಲ್ಲ ಇದ್ದರೂ ನಮ್ಮ ಟೀಕಾಕಾರರು ಹಿಡಿದುಕೊಂಡಿರುವುದು ಬೇರೆಯದನ್ನೇ. ಕರ್ಸರ್ ಬಳಸಿದ್ದಾರೆ, ಅದು ಅಪರಾಧ ಎನ್ನುತ್ತಾರೆ. ಜೊತೆಗೆ ಬರುವ ಎಸ್‌ಪಿ_ಹೆಕ್ಸಾಡೆಸಿಮಲ್ ಒಂದೊಂದು ಬೈಟನ್ನೂ ಹದಿನಾರರಿಂದ ಭಾಗಿಸಿ, ಎರಡು ಅಕ್ಷರ ಹೆಕ್ಕಿ, ಲೂಪಿನಲ್ಲಿ ಜೋಡಿಸುತ್ತದೆ. 2008ರಿಂದ ಕನ್ವರ್ಟ್ ಫಂಕ್ಷನ್ ಇದನ್ನು ಒಂದೇ ಏಟಿಗೆ ಮಾಡುತ್ತದೆ ಎನ್ನುತ್ತಾರೆ. ಎರಡನೆಯ ಮಾತು ನಿಜ. ಆದರೆ ಆ ಲೂಪ್ ಹುಟ್ಟಿದ್ದು ಕನ್ವರ್ಟ್‌ಗೆ ಆ ಶಕ್ತಿ ಬರುವ ಮೊದಲು. ಇನ್ನು ಕರ್ಸರ್: ಕೆಲವು ನೂರು ಲಾಗಿನ್‌ಗಳನ್ನು ವರ್ಷಕ್ಕೊಮ್ಮೆ ಓದಲು ಒಂದು ಸೆಕೆಂಡ್ ಹಿಡಿದರೇನು, ಎರಡು ಹಿಡಿದರೇನು? ಕರ್ಸರ್‌ಅನ್ನು ತೆಗೆದು ಚಂದಗೊಳಿಸಿದ ಎಷ್ಟೋ ಆವೃತ್ತಿಗಳು ಬಂದಿವೆ. ಅವುಗಳಲ್ಲಿ ಹಲವು ಮೂಲದ ಲೋಪವನ್ನು ಮುಟ್ಟದೆ ಹಾಗೇ ಉಳಿಸಿಕೊಂಡಿವೆ. ವಿಮರ್ಶೆ ಶೈಲಿಯಲ್ಲೇ ನಿಂತುಬಿಟ್ಟರೆ ಆಗುವ ನಷ್ಟ ಇದು. ಓದುಗರು ತಪ್ಪು ಜಾಗದಲ್ಲಿ ಎಚ್ಚರವಾಗಿರುತ್ತಾರೆ.

ಆ ಲೋಪ ಅಧಿಕಾರಕ್ಕೆ ಸಂಬಂಧಿಸಿದ್ದು. ಬಹುಕಾಲ ಓಡಾಡಿದ ಆ ಆವೃತ್ತಿಯ ಕೋಡ್ ಓದಿ ನೋಡಿ. ಲಾಗಿನ್ ನಿಷ್ಕ್ರಿಯವೇ ಎಂದು ಕೇಳುತ್ತದೆ, ಸರ್ವರ್‌ಗೆ ಸಂಪರ್ಕ ನಿರಾಕರಿಸಿದ್ದಾರೆಯೇ ಎಂದು ಕೇಳುತ್ತದೆ, ಎರಡಕ್ಕೂ ತಕ್ಕ ಆಜ್ಞೆ ಬರೆಯುತ್ತದೆ. ಅಂದರೆ ಅನುಮತಿಯ ವಿಚಾರ ಬರೆದವರಿಗೆ ಹೊಳೆದಿಲ್ಲ ಎನ್ನುವಂತಿಲ್ಲ. ಹೊಸ್ತಿಲಿನವರೆಗೆ ಬಂದು ನಿಂತಿದ್ದಾರೆ. ಯಾರು ಸಿಸ್‌ಅಡ್ಮಿನ್, ಯಾರು ಸೆಕ್ಯುರಿಟಿಅಡ್ಮಿನ್, ಯಾರಿಗೆ ಸರ್ವರ್‌ನ ಸ್ಥಿತಿ ನೋಡುವ ಅನುಮತಿ ಇತ್ತು ಎಂಬುದರ ಒಂದು ಸಾಲೂ ಹೊರಬರುವುದಿಲ್ಲ. ಬಿಟ್ಟಿದ್ದೇನೆ ಎಂಬ ಸೂಚನೆಯೂ ಅದರ ಔಟ್‌ಪುಟ್‌ನಲ್ಲಿಲ್ಲ. ಹಗಲು ಅಪ್ಲಿಕೇಶನ್ ಸರಿಯಾಗಿ ನಡೆಯುತ್ತದೆ, ಏಕೆಂದರೆ ಅದಕ್ಕೆ ಬೇಕಾದ ಅನುಮತಿ ಡೇಟಾಬೇಸಿನೊಳಗೆ ಇದೆ. ರಾತ್ರಿ ನಿಗಾ ಇಡುವ ಲಾಗಿನ್ ಕೆಲಸಕ್ಕೆ ಬಂದಾಗ ಅನುಮತಿ ಇಲ್ಲ ಎನ್ನುತ್ತದೆ. ಆ ಗಡಿಬಿಡಿಯಲ್ಲಿ ಮಾಡುವ ಪರಿಹಾರವೂ ಗೊತ್ತಿರುವುದೇ: ಸಿಸ್‌ಅಡ್ಮಿನ್ ಕೊಟ್ಟುಬಿಡುವುದು. ಹಳೆಯ ಸರ್ವರ್‌ನಲ್ಲಿ ಯೋಚಿಸಿ ಕೊಟ್ಟಿದ್ದ ಸಣ್ಣ ಅಧಿಕಾರ ಹೊಸದರಲ್ಲಿ ಅಳತೆ ಮೀರಿದ ಅಧಿಕಾರವಾಗುತ್ತದೆ. ಈ ಸ್ಕ್ರಿಪ್ಟಿನ ಮೇಲೆ ನನ್ನ ನಿಜವಾದ ಆಕ್ಷೇಪ ಇದು.

ಪೋಸ್ಟ್‌ಗ್ರೆಸ್‌ನವರು ಲಾಗಿನ್ ಸಾಗಿಸುವ ಕೆಲಸವನ್ನು ಸಹಾಯ ಲೇಖನಕ್ಕೆ ಬಿಡಲಿಲ್ಲ. ಪಿಜಿ_ಡಂಪ್‌ಆಲ್ ಉತ್ಪನ್ನದ ಜೊತೆಗೇ ಬರುತ್ತದೆ. ರೋಲ್‌ಗಳನ್ನಷ್ಟೇ ಕೊಡು ಎಂದರೆ ಹ್ಯಾಶ್‌ಗಳ ಜೊತೆಗೆ ಯಾವ ರೋಲ್ ಯಾವುದರ ಸದಸ್ಯ ಎಂಬುದನ್ನೂ ಬರೆದುಕೊಡುತ್ತದೆ. ಹ್ಯಾಶ್ ಬೇಡ ಎನ್ನುವ ಆಯ್ಕೆಯೂ 10ನೆಯ ಆವೃತ್ತಿಯಿಂದ ಇದೆ. ಆ ಆಯ್ಕೆ ಏಕೆ ಬೇಕು ಎನ್ನುವವರು, ರೆವ್‌ಲಾಗಿನ್ ಔಟ್‌ಪುಟ್ ಆಫೀಸುಗಳಲ್ಲಿ ಎಲ್ಲೆಲ್ಲಿ ಉಳಿದುಕೊಂಡಿರುತ್ತದೆ ಎಂದು ಹುಡುಕಲಿ: ಇಮೇಲಿನ ಲಗತ್ತು, ಟಿಕೆಟ್, ಹಂಚಿಕೊಂಡ ಫೋಲ್ಡರ್. 2012ರಿಂದ ಎಸ್‌ಕ್ಯೂಎಲ್ ಸರ್ವರ್ ನಾಲ್ಕು ಬೈಟ್ ಸಾಲ್ಟ್ ಸೇರಿಸಿ ಎಸ್‌ಎಚ್‌ಎ-512 ಬಳಸುತ್ತ ಬಂದಿತ್ತು, ಅದೂ ಒಂದೇ ಸುತ್ತು. ದುರ್ಬಲ ಪಾಸ್‌ವರ್ಡ್ ಆದರೆ ಗ್ರಾಫಿಕ್ಸ್ ಕಾರ್ಡಿನ ಮುಂದೆ ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ. 2025ರ ಆವೃತ್ತಿಯಲ್ಲಷ್ಟೇ 1,00,000 ಸುತ್ತುಗಳ ಪಿಬಿಕೆಡಿಎಫ್2 ಪೂರ್ವನಿಗದಿತ ಆಯ್ಕೆಯಾಯಿತು.

ಡಿಬಿಎಟೂಲ್ಸ್ ಮಾಡ್ಯೂಲ್‌ನ ಕಾಪಿ-ಡಿಬಿಎಲಾಗಿನ್ ಆಜ್ಞೆ ಇರುವಾಗ ಈ ಹಳೆಯದರ ಚರ್ಚೆ ಏಕೆ ಎಂಬ ವಾದವೂ ಉಂಟು. ಅದು ರೋಲ್‌ಗಳನ್ನೂ ಅನುಮತಿಗಳನ್ನೂ ಒಯ್ಯುತ್ತದೆ, ಸಾಧ್ಯವಿದ್ದಲ್ಲಿ ಅದನ್ನೇ ಬಳಸಬೇಕು. ಆದರೆ ಎರಡು ಸರ್ವರ್‌ಗಳ ನಡುವೆ ನೆಟ್‌ವರ್ಕ್ ದಾರಿಯೇ ಇಲ್ಲದ, ಹೊರಗಿನ ಮಾಡ್ಯೂಲ್ ಹಾಕಲು ಬಿಡದ ಜಾಗಗಳಿವೆ. ಅಲ್ಲಿ ಓದಿ, ತಿದ್ದಿ, ಒಪ್ಪಿಗೆ ಪಡೆದು ಓಡಿಸಬಹುದಾದ ಬರಿಯ ಪಠ್ಯವೇ ಬೇಕು. ರೆವ್‌ಲಾಗಿನ್ ಉಳಿದಿರುವುದು ಆ ಕಾರಣಕ್ಕೆ, ಉಳಿಯಲಿ. ಅದು ಓದುವ ಸರ್ವರ್_ಪ್ರಿನ್ಸಿಪಲ್ಸ್ ಪಟ್ಟಿಯ ಪಕ್ಕದಲ್ಲೇ ಸರ್ವರ್_ರೋಲ್_ಮೆಂಬರ್ಸ್ ಇದೆ, ಸರ್ವರ್_ಪರ್ಮಿಷನ್ಸ್ ಇದೆ. ಎರಡನ್ನೂ ಜೋಡಿಸಿ, ಆಲ್ಟರ್ ಸರ್ವರ್ ರೋಲ್ ಮತ್ತು ಗ್ರಾಂಟ್ ಸಾಲುಗಳನ್ನು ಅದೇ ಔಟ್‌ಪುಟ್‌ನ ಕೆಳಗೆ ಮುದ್ರಿಸಲು ಒಂದು ಮಧ್ಯಾಹ್ನದ ಕೆಲಸ ಸಾಕು. ಅಷ್ಟನ್ನು ಮಾಡಿಕೊಳ್ಳದ ಪ್ರತಿಯ ಔಟ್‌ಪುಟ್‌ಅನ್ನು ಯಾವ ಡಿಬಿಎಯೂ ಹೊಸ ಸರ್ವರ್ ಮೇಲೆ ಓಡಿಸಬಾರದು.