ಹಂಗಿಗೆ ಬಿದ್ದ ಸಂತ

2022ರ ಮೇ 15ರಂದು ರೋಮಿನಲ್ಲಿ ಪೋಪ್ ಫ್ರಾನ್ಸಿಸ್ ಹತ್ತು ಮಂದಿಯನ್ನು ಸಂತರೆಂದು ಸಾರಿದರು. ತಿರುವಾಂಕೂರಿನ ದೇವಸಹಾಯಂ ಪಿಳ್ಳೆ ಅವರಲ್ಲೊಬ್ಬರಾಗಿದ್ದರಿಂದ ನಮ್ಮ ಕಡೆ ಅವರ ಹೆಸರಷ್ಟೇ ಎದ್ದು ಕಂಡಿತು. ಅದೇ ಪಟ್ಟಿಯಲ್ಲಿದ್ದ ಶಾರ್ಲ್ ದ ಫೂಕೊ ಎಂಬ ಫ್ರೆಂಚ್ ಪಾದ್ರಿಯ ಬಗ್ಗೆ ಇಲ್ಲಿ ಮಾತಾಡಿದವರು ಕಡಿಮೆ. (ತತ್ತ್ವಜ್ಞಾನಿ ಮಿಶೆಲ್ ಫೂಕೊ ಬೇರೆ, ಇಬ್ಬರಿಗೂ ಉಚ್ಚಾರದ ನಂಟಷ್ಟೇ.) ಇವರು ಸಹಾರಾ ಮರುಭೂಮಿಯ ಒಳನಾಡಿನಲ್ಲಿ, ಮುಸ್ಲಿಮರಾದ ತುವಾರೆಗ್ ಜನರ ನಡುವೆ ಹನ್ನೊಂದು ವರ್ಷ ಬದುಕಿ, ಹೇಳಿಕೊಳ್ಳುವಂಥ ಒಂದು ಮತಾಂತರವನ್ನೂ ಮಾಡದೆ 1916ರಲ್ಲಿ ಗುಂಡೇಟಿಗೆ ಬಲಿಯಾದವರು. ಭಕ್ತರು ಬರೆದ ಚರಿತ್ರೆಗಳು ಅವರ ವಿನಯವನ್ನು ಬಾಯ್ತುಂಬ ಹೊಗಳುತ್ತವೆ. ಬಡತನ, ಉಪವಾಸ, ಒರಟು ಬಟ್ಟೆ, ಮಣ್ಣಿನ ಗುಡಿಸಲುಗಳನ್ನು ಸಾಕ್ಷಿಯಾಗಿ ಮುಂದಿಡುತ್ತವೆ. ನನಗೆ ಈ ಸಾಕ್ಷಿ ಸಾಲದು. ಒರಟು ಬಟ್ಟೆ ತೊಟ್ಟವನೂ ಕೊಡುವ ಕೈಯಾಗಿಯೇ ಉಳಿದರೆ ಅವನ ಕೈ ಮೇಲೆ, ತೆಗೆದುಕೊಳ್ಳುವವನ ಕೈ ಕೆಳಗೆ. ಫೂಕೊ ಆ ಜನರ ಹಂಗಿಗೆ ಬಿದ್ದ ಮೇಲಷ್ಟೇ ಅವರ ವಿನಯ ನಿಜವಾಯಿತು ಎಂಬುದು ನನ್ನ ವಾದ.

ಹಂಗು ಎಂದರೆ ನಮ್ಮಲ್ಲಿ ಒಳ್ಳೆಯ ಮಾತಲ್ಲ. ಯಾರ ಹಂಗೂ ಇಲ್ಲದೆ ಬಾಳುವುದೇ ಮಾನವಂತರ ಲಕ್ಷಣವೆಂದು ತಿಳಿದವರು ನಾವು. ಧರ್ಮ ಹೇಳಲು ಹೊರಟವರಿಗಂತೂ ಈ ಹಟ ಇನ್ನೂ ಹೆಚ್ಚು: ಆಸ್ಪತ್ರೆ ಕಟ್ಟುತ್ತೇವೆ, ಶಾಲೆ ತೆರೆಯುತ್ತೇವೆ, ಅನ್ನ ಹಾಕುತ್ತೇವೆ, ನಿಮ್ಮಿಂದ ಏನೂ ಬೇಡ. ಫೂಕೊ ಶುರು ಮಾಡಿದ್ದೂ ಹೀಗೆಯೇ. 1858ರಲ್ಲಿ ಸ್ಟ್ರಾಸ್‌ಬರ್ಗ್‌ನ ಸಿರಿವಂತ ಮನೆತನದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು, ಸೈನ್ಯಾಧಿಕಾರಿಯಾಗಿ ಆಸ್ತಿಯನ್ನು ಮೋಜಿಗೆ ಸುರಿದವರು. 1883-84ರಲ್ಲಿ ಯಹೂದಿಯ ವೇಷ ಹಾಕಿಕೊಂಡು, ಕ್ರೈಸ್ತರಿಗೆ ಪ್ರವೇಶವಿಲ್ಲದ ಮೊರಾಕೊ ಸುತ್ತಿದರು. ಅಲ್ಲಿ ಕಂಡ ಮುಸ್ಲಿಮರ ಪ್ರಾರ್ಥನೆ, ದೇವರ ನಂಬಿಕೆಯನ್ನೇ ಕಳೆದುಕೊಂಡಿದ್ದ ಅವರನ್ನು ಕಲಕಿತು. 1886ರಲ್ಲಿ ಮತ್ತೆ ಚರ್ಚಿಗೆ ಮರಳಿದರು. ಮಠದಲ್ಲಿದ್ದರು, ನಜರೇತಿನಲ್ಲಿ ಸನ್ಯಾಸಿನಿಯರ ಮನೆಯಾಳಾಗಿದ್ದರು, 1901ರಲ್ಲಿ ಗುರುಪಟ್ಟ ಪಡೆದು ಅಲ್ಜೀರಿಯಾದ ಬೇನಿ ಅಬ್ಬೆಸ್‌ಗೆ ಬಂದರು. ಅಲ್ಲಿ ಬಡವರಿಗೆ ದಾನ, ರೋಗಿಗಳಿಗೆ ಮದ್ದು, ಕೆಲವು ಗುಲಾಮರಿಗೆ ಹಣ ತೆತ್ತು ಬಿಡುಗಡೆ. ಗುಲಾಮಗಿರಿಯನ್ನು ಕಂಡೂ ಕಾಣದಂತಿದ್ದ ಫ್ರೆಂಚ್ ಅಧಿಕಾರಿಗಳ ವಿರುದ್ಧ ಕಟುವಾಗಿ ಬರೆದದ್ದು ಆ ಕಾಲದ ಪಾದ್ರಿಯೊಬ್ಬರಿಗೆ ಸಣ್ಣ ಧೈರ್ಯವಲ್ಲ. ಎಲ್ಲರೂ ತನ್ನನ್ನು ಸಹೋದರನೆಂದು ಕಾಣಲಿ ಎಂಬುದು ಅವರ ಆಸೆ. ಆದರೆ ಬಾಗಿಲಲ್ಲಿ ಸಾಲು ನಿಂತವರಿಗೆ ಅವರು ಸಹೋದರರಾಗಿರಲಿಲ್ಲ, ದಾನಿಯಾಗಿದ್ದರು.

1905ರಲ್ಲಿ ಅವರು ಇನ್ನೂ ಒಳಕ್ಕೆ, ಹೊಗ್ಗಾರ್ ಬೆಟ್ಟಸೀಮೆಯ ತಮನ್‌ರಸೆತ್‌ಗೆ ಹೋದರು. ಆಗ ಅದು ಇಪ್ಪತ್ತರಷ್ಟು ಗುಡಿಸಲುಗಳ ಹಳ್ಳಿ. ಕ್ರೈಸ್ತರೆಂದು ಇದ್ದವರು ಅವರೊಬ್ಬರೇ. ಇದರ ಪೆಟ್ಟು ಬಿದ್ದದ್ದು ಅವರ ನಂಬಿಕೆಯ ನಡುಮಧ್ಯಕ್ಕೆ: ಓಗೊಡಲು ಇನ್ನೊಬ್ಬ ಕ್ರೈಸ್ತನಿಲ್ಲದೆ ಗುರು ಒಬ್ಬನೇ ಬಲಿಪೂಜೆ ಅರ್ಪಿಸುವಂತಿರಲಿಲ್ಲ. ಯಾವ ಪೂಜೆಗಾಗಿ ಗುರುವಾದರೋ ಆ ಪೂಜೆಯಿಲ್ಲದೆಯೇ 1907ರ ಕ್ರಿಸ್ಮಸ್ ಕಳೆಯಿತು. ಆ ಹೊತ್ತಿಗೆ ಮಳೆ ಮುಖ ತೋರಿಸಿ ಒಂದು ವರ್ಷ ದಾಟಿತ್ತು. ಇದ್ದಬದ್ದ ಕಾಳುಕಡ್ಡಿಯನ್ನು ಹಸಿದವರಿಗೆ ಹಂಚಿ, 1908ರ ಜನವರಿಯಲ್ಲಿ ಫೂಕೊ ಹಾಸಿಗೆ ಹಿಡಿದರು. ಏಳಲು ತ್ರಾಣವಿಲ್ಲ, ಕೊಡಲು ಏನೂ ಇಲ್ಲ. ಆಗ ತುವಾರೆಗರು ಆ ಬರದಲ್ಲಿ ಸುತ್ತಣ ನಾಲ್ಕು ಕಿಲೋಮೀಟರಿನೊಳಗೆ ಯಾವ ಆಡಿನ ಕೆಚ್ಚಲಲ್ಲಿ ತುಸು ಹಾಲಿತ್ತೋ ಅದನ್ನೆಲ್ಲ ಕರೆದು ತಂದು ಅವರಿಗೆ ಕುಡಿಸಿದರು. ಆ ಹಾಲು ಯಾವ ಮಕ್ಕಳ ಪಾಲಿನದ್ದೆಂದು ಯೋಚಿಸಿದರೆ ಅದರ ಬೆಲೆ ತಿಳಿಯುತ್ತದೆ. ಅವರ ಬದುಕನ್ನು ಹತ್ತಿರದಿಂದ ಓದಿದವರು ಇದನ್ನು ಎರಡನೆಯ ಮನಪರಿವರ್ತನೆ ಎನ್ನುವುದುಂಟು. ನಾನು ಅಷ್ಟು ದೊಡ್ಡ ಮಾತು ಬಳಸಲಾರೆ. ಆದರೆ ದಾನಿಯ ಲೆಕ್ಕದ ಪುಸ್ತಕದಲ್ಲಿ ಮೊದಲ ಬಾರಿಗೆ ಸಾಲದ ಪುಟ ತೆರೆಯಿತು, ಮತ್ತು ಆ ಸಾಲ ತೀರಿಸುವಂಥದ್ದಾಗಿರಲಿಲ್ಲ.

ಅಲ್ಲಿಂದ ಮುಂದೆ ಅವರ ದಿನಗಳನ್ನು ಹೆಚ್ಚಾಗಿ ತಿಂದದ್ದು ಉಪದೇಶವಲ್ಲ, ಶಬ್ದಕೋಶ. ತುವಾರೆಗ್ ಭಾಷೆಯ ಅವರ ಕೋಶ ಅವರು ತೀರಿಕೊಂಡು ಎಷ್ಟೋ ಕಾಲದ ಮೇಲೆ, 1951-52ರಲ್ಲಿ, ಅವರ ಕೈಬರಹದಲ್ಲೇ ನಾಲ್ಕು ಸಂಪುಟವಾಗಿ ಹೊರಬಂತು. ಎರಡು ಸಾವಿರಕ್ಕೂ ಮಿಕ್ಕಿದ ಪುಟಗಳು. ಜೊತೆಗೆ ಸಾವಿರಾರು ಸಾಲುಗಳ ಪದ್ಯಸಂಗ್ರಹ: ಯುದ್ಧದ ಪದ್ಯ, ಒಂಟೆಯ ವರ್ಣನೆ, ಸಂಜೆಯ ಕೂಟಗಳಲ್ಲಿ ಹೇಳುವ ಪ್ರೇಮದ ಪದ್ಯ. ಬ್ರಹ್ಮಚಾರಿ ಸನ್ಯಾಸಿಯೊಬ್ಬ ಗುಡಿಸಲಲ್ಲಿ ಕೂತು ಪ್ರೇಮಪದ್ಯಗಳ ಪಾಠಾಂತರ ಒರೆಹಚ್ಚುವ ಚಿತ್ರ ನನಗೆ ಅವರ ಎಲ್ಲ ಉಪವಾಸಗಳಿಗಿಂತ ಹೆಚ್ಚು ಹೇಳುತ್ತದೆ. ಕನ್ನಡಿಗರಿಗೆ ಇದು ಹೊಸತಲ್ಲ. 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಧರ್ಮಪ್ರಚಾರಕ್ಕೆಂದು ಬಂದ ಫರ್ಡಿನೆಂಡ್ ಕಿಟ್ಟೆಲ್ ಜೈನ ಕವಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು ಸಂಪಾದಿಸಿದರು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟರು. ಅದರಲ್ಲಿ ಶಬ್ದಾರ್ಥಕ್ಕೆ ಆಧಾರವಾಗಿ ಹಳೆಯ ಕಾವ್ಯವಿರುವಂತೆ ಗಾದೆಗಳೂ ಇವೆ. ಗಾದೆ ತಾಳೆಗರಿಯಲ್ಲಿ ಸಿಗುವುದಲ್ಲ. ಜಗಲಿಯಲ್ಲಿ, ಸಂತೆಯಲ್ಲಿ ಕಿವಿಗೊಟ್ಟು ಕೇಳಬೇಕು. ಕೋಶ ಕಟ್ಟುವವನು ದಿನಕ್ಕೆ ಹತ್ತು ಸಲ ತಪ್ಪು ಮಾಡಿ, ದನ ಕಾಯುವವನಿಂದಲೂ 'ಹಾಗಲ್ಲ, ಹೀಗೆ' ಎಂದು ತಿದ್ದಿಸಿಕೊಳ್ಳಬೇಕು. ಪೀಠದ ಮೇಲೆ ನಿಂತು ಮಾಡಲಾಗದ ಕೆಲಸ ಇದು.

ಇದೂ ಒಂದು ಉಪಾಯವೇ, ನಯವಾದ ಗಾಳ ಎಂದು ಆಕ್ಷೇಪ ಎತ್ತಬಹುದು. ಕರ್ನಾಟಕದಲ್ಲಿ 2022ರ ಮತಾಂತರ ತಡೆ ಕಾಯ್ದೆಯ ಚರ್ಚೆಯಲ್ಲಿ 'ಆಮಿಷ' ಎಂಬ ಮಾತು ಎಷ್ಟು ಓಡಾಡಿತೆಂದು ಬಲ್ಲವರಿಗೆ ಈ ಶಂಕೆ ಪರಿಚಿತ. ಶಂಕೆಯನ್ನು ನಾನು ತಳ್ಳಿಹಾಕುವುದಿಲ್ಲ. ತಮ್ಮ ಕೆಲಸ ಮುಂದೆ ಬರುವ ಪ್ರಚಾರಕರಿಗೆ ನೆಲ ಹದ ಮಾಡುವುದು ಎಂದು ಫೂಕೊ ಸ್ವತಃ ನಂಬಿದ್ದರು. ಆದರೆ ಆಮಿಷಕ್ಕೆ ಒಡ್ಡುವ ಕೈಯಲ್ಲಿ ಏನಾದರೂ ಇರಬೇಕು. ಬರಿಗೈಯಲ್ಲಿ ಮಲಗಿ ಮಂದಿಯ ಹಾಲು ಕುಡಿದವನ ಮೇಲೆ ಆ ಆರೋಪ ನಿಲ್ಲುವುದಿಲ್ಲ. ನಮ್ಮ ಸೇವೆಯನ್ನೇಕೆ ಅನುಮಾನಿಸುತ್ತಾರೆ ಎಂದು ಕೊರಗುವ ಸಂಸ್ಥೆಗಳು ತಾವು ನೆರೆಯವರಿಂದ ಏನನ್ನು ಪಡೆದಿದ್ದೇವೆ ಎಂದೂ ಒಮ್ಮೆ ಕೇಳಿಕೊಳ್ಳಬಹುದು.

ಚರ್ಚಿನ ಒಳಗಿನಿಂದ ಬರುವ ಆಕ್ಷೇಪ ಇದಕ್ಕೆ ತದ್ವಿರುದ್ಧ: ಸುವಾರ್ತೆಯನ್ನು ಬಾಯಿಬಿಟ್ಟು ಸಾರದ ನಂಬಿಕೆ ಎಂಥದ್ದು? ಬರೇ ಒಳ್ಳೆಯ ನೆರೆಯವನಾಗಲು ಕ್ರಿಸ್ತ ಏಕೆ ಬೇಕು? ಉತ್ತರ ಸುವಾರ್ತೆಯಲ್ಲೇ ಇದೆ. ಯೋಹಾನನ ನಾಲ್ಕನೆಯ ಅಧ್ಯಾಯದಲ್ಲಿ ಯೇಸು, ಯೆಹೂದ್ಯರು ಹೊಕ್ಕುಬಳಕೆ ಇಟ್ಟುಕೊಳ್ಳದ ಸಮಾರ್ಯದ ಹೆಂಗಸಿನ ಬಳಿ ಮಾತು ಶುರು ಮಾಡುವುದು ಕುಡಿಯಲು ನೀರು ಕೇಳುವ ಮೂಲಕ. ಸೇದಲು ಅವನ ಬಳಿ ಬಿಂದಿಗೆಯೂ ಇಲ್ಲ. ಲೂಕನಲ್ಲಿ ಶಿಷ್ಯರನ್ನು ಊರೂರಿಗೆ ಕಳಿಸುವಾಗ ಹಣದ ಚೀಲ ಒಯ್ಯಬೇಡಿ, ಬಡಿಸಿದ್ದನ್ನು ಉಣ್ಣಿ ಎಂಬ ಅಪ್ಪಣೆಯಿದೆ. ಯಾರ ನೀರು, ಯಾರ ಅನ್ನ ಎಂಬುದರ ಮೇಲೆ ಜಾತಿ ಕಟ್ಟಿಕೊಂಡಿರುವ ನಮ್ಮ ನಾಡಿನ ಓದುಗರಿಗೆ ಈ ಎರಡು ಪ್ರಸಂಗಗಳ ತೂಕವನ್ನು ಬಿಡಿಸಿ ಹೇಳಬೇಕಿಲ್ಲ. ಸಾರುವುದು ಬೇಡವೆಂದಲ್ಲ, ಕೇಳಿ ಉಂಡವನ ಬಾಯಿಂದ ಬಂದಾಗ ಆ ಮಾತಿನ ದನಿಯೇ ಬೇರೆ.

ಕಠಿಣವಾದದ್ದು ಮೂರನೆಯ ಆಕ್ಷೇಪ, ಇಲ್ಲಿ ನಾನು ಫೂಕೊ ಅವರನ್ನು ಪೂರ್ತಿ ಕಾಪಾಡಲಾರೆ. ಅವರು ಸಹಾರಾಕ್ಕೆ ಬಂದದ್ದು ಫ್ರೆಂಚ್ ಸೇನೆಯ ನೆರಳಿನಲ್ಲಿ. ಆ ಸೀಮೆಯನ್ನು ಹತೋಟಿಗೆ ತಂದ ಲಾಪೆರಿನ್ ಅವರ ಹಳೆಯ ಗೆಳೆಯ. ಅಧಿಕಾರಿಗಳೊಂದಿಗೆ ಪತ್ರವ್ಯವಹಾರ ಕೊನೆಯವರೆಗೂ ನಡೆಯಿತು. ಶಬ್ದಕೋಶ ಆಳುವವರ ಕೈಗೂ ಉಪಯುಕ್ತವೇ. 1916ರ ಜುಲೈಯಲ್ಲಿ ಲೇಖಕ ರೆನೆ ಬಜಾನ್‌ಗೆ ಬರೆದ ಪತ್ರದಲ್ಲಿ, ಈ ಜನರನ್ನು ಫ್ರೆಂಚರನ್ನಾಗಿಸದಿದ್ದರೆ ಒಂದು ದಿನ ಅವರು ನಮ್ಮನ್ನು ಹೊರಗಟ್ಟುತ್ತಾರೆ, ಅವರು ಫ್ರೆಂಚರಾಗಲು ಇರುವ ದಾರಿ ಕ್ರೈಸ್ತರಾಗುವುದು ಎಂಬರ್ಥದ ಮಾತಿದೆ. ಆಡಿನ ಹಾಲು ಕುಡಿದು ಎಂಟು ವರ್ಷದ ಮೇಲೆ ಬರೆದ ಮಾತು. ಅದೇ ಕಾಲಕ್ಕೆ ಊರವರ ರಕ್ಷಣೆಗೆಂದು ಕಟ್ಟಿಸಿದ ಮಣ್ಣಿನ ಕೋಟೆಯೊಳಗೆ ಸೇನೆಯ ಬಂದೂಕುಗಳಿದ್ದವು. ಡಿಸೆಂಬರ್ 1ರಂದು ಆ ಕೋಟೆಯ ಬಾಗಿಲಲ್ಲೇ, ಪರಿಚಿತನೊಬ್ಬನ ಕರೆಗೆ ಹೊರಬಂದಾಗ, ದಾಳಿಕೋರರು ಹಿಡಿದು ಕೊಂದರು. ಭಕ್ತಚರಿತ್ರೆಗಳು ಬಂದೂಕುಗಳನ್ನು ಅಡಿಟಿಪ್ಪಣಿಗೆ ಸರಿಸುತ್ತವೆ, ಟೀಕಾಕಾರರು ಹಾಲನ್ನು. ನನಗೆ ಎರಡೂ ಬೇಕು. ಹಂಗು ಅವರ ದಿನಚರಿಯನ್ನು ಬದಲಿಸಿತು, ರಾಜಕೀಯವನ್ನು ಬದಲಿಸಲಿಲ್ಲ. ನೆರೆಯವನೊಬ್ಬನಿಗೆ ಋಣಿಯಾದವನೂ ಅವನ ಜನಾಂಗದ ಮೇಲೆ ಒಡೆತನ ಬಯಸಬಲ್ಲ. ಇದನ್ನು ಒಪ್ಪಿಕೊಂಡರೆ ಹಂಗಿನ ಬೆಲೆ ಸುಳ್ಳಾಗುವುದಿಲ್ಲ. ಅದು ಎಲ್ಲಿಯವರೆಗೆ ಒಯ್ಯಬಲ್ಲದು ಎಂಬುದಷ್ಟೇ ಗೊತ್ತಾಗುತ್ತದೆ.

ಅವರ ಸಾವಿನ ಸುದ್ದಿ ತಿಳಿದಾಗ ಹೊಗ್ಗಾರಿನ ನಾಯಕ ಮೂಸಾ ಅಗ್ ಅಮಸ್ತಾನ್ ಫ್ರಾನ್ಸಿನಲ್ಲಿದ್ದ ಫೂಕೊ ಅವರ ತಂಗಿಗೆ ಸಂತಾಪದ ಪತ್ರ ಕಳಿಸಿದ. ಅದರಲ್ಲಿ ಫೂಕೊ ಪಾದ್ರಿಯಲ್ಲ, 'ಮರಾಬು': ಮುಸ್ಲಿಮರು ತಮ್ಮ ಸಾಧುಗಳಿಗೆ ಹೇಳುವ ಹೆಸರು. ನಮ್ಮ ಮರಾಬು ನಿಮಗಾಗಿ ಮಾತ್ರ ಸಾಯಲಿಲ್ಲ, ನಮಗಾಗಿಯೂ ಸತ್ತರು, ಸ್ವರ್ಗದಲ್ಲಿ ಅವರನ್ನು ಕಾಣುವಂತಾಗಲಿ ಎಂದು ಅವನು ಹಾರೈಸಿದ್ದಾನೆ. ಯಾರ ಸ್ವರ್ಗ ಎಂದು ಪತ್ರ ಹೇಳುವುದಿಲ್ಲ.